ನೇರಳೆ ಹೆಬ್ಬೆರಳು

ಗಂಗೋತ್ರಿ ನೀರು ಸೋಸುತ್ತಿದ್ದಳು. ಹಳೆಯ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಹಂಡೆಯ ಬಾಯಿಗೆ ಕಟ್ಟಿ, ಕೊಡ ಓರೆ ಹಿಡಿದು ಸಣ್ಣ ಧಾರೆಯಾಗಿ ಬಿಡುತ್ತಿದ್ದಳು. ನೀರು ಇಳಿದ ಮೇಲೆ ಬಟ್ಟೆಯಲ್ಲಿ ಕೆಂಪು ಕೆಸರು ಉಳಿಯುತ್ತಿತ್ತು. ಅದನ್ನು ಬೆರಳಿನಿಂದ ಬಳಿದು ಗೋಡೆಗೆ ಒರೆಸಿ ಮತ್ತೆ ಸುರಿಯುವಳು. ಯಶವಂತನಗರದ ಹಿಂದಿನ ಈ ಗುಡಿಸಲು ಸಾಲಿನಲ್ಲಿ ಕುಡಿಯುವ ನೀರನ್ನು ಎಲ್ಲರೂ ಎರಡು ಸಲ ಸೋಸುತ್ತಾರೆ. ಹೆಣಕ್ಕೆ ಹಾಕುವ ನೀರನ್ನು ಯಾರೂ ಸೋಸುವುದಿಲ್ಲ. ಅವಳು ಮೂರನೆಯ ಸಲ ಸೋಸುತ್ತಿದ್ದಳು. ಯಾಕೆ ಎಂದು ಕೇಳುವವರು ಒಳಗೆ ಇರಲಿಲ್ಲ.

ಒಳಗಿದ್ದವಳು ಅವಳ ಸೋದರತ್ತೆ ಹೊಳೆಮ್ಮ ಒಬ್ಬಳೇ. ಚಾಪೆಯ ಮೇಲೆ, ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದಳು. ಬೆಳಿಗ್ಗೆ ಆರಕ್ಕೆ ಉಸಿರು ನಿಂತಿತ್ತು. ಸಾವಾದ ಮನೆಗೆ ಸಾಲಿನ ಹೆಂಗಸರು ಕರೆಯದೆಯೇ ಬಂದು, ಸೆರಗು ಸಿಕ್ಕಿಸಿ, ಒಬ್ಬಳು ನೀರು ಕಾಯಿಸಿ, ಒಬ್ಬಳು ತಲೆಗೆ ಎಣ್ಣೆ ಹಚ್ಚುವುದು ರೂಢಿ. ಎಂಟು ಗಂಟೆಯವರೆಗೆ ಇಲ್ಲಿಯೂ ಹಾಗೆಯೇ ನಡೆದಿತ್ತು. ಆಮೇಲೆ ಪಕ್ಕದ ಗುಡಿಸಲಿನ ದುರ್ಗಕ್ಕ ಬಳೆ ತೆಗೆಯಲೆಂದು ಹೊಳೆಮ್ಮನ ಬಲಗೈ ಎತ್ತಿದಳು. ಎತ್ತಿದವಳು ಹಾಗೆಯೇ ಬಿಟ್ಟಳು.

"ಗಂಗಿ, ಇದೇನಿದು ಬೆರಳು?"

ಹೆಬ್ಬೆರಳು ಉಗುರಿನಿಂದ ಬುಡದವರೆಗೆ ಕಡು ನೇರಳೆಯಾಗಿತ್ತು.

"ಔಷಧದ ಬಣ್ಣ, ದುರ್ಗಕ್ಕ," ಎಂದಳು ಗಂಗೋತ್ರಿ. ಅವಳ ದನಿ ಮೊದಲೇ ಸಣ್ಣದು. ಆಗ ಇನ್ನೂ ಸಣ್ಣದಾಗಿತ್ತು.

"ಔಷಧ ಹಿಂಗ ಏರ್ತೈತೇನು? ವಿಷ ಏರ್ತೈತಿ ಹಿಂಗ."

ದುರ್ಗಕ್ಕ ಎದ್ದು, ತನ್ನ ಕೈಯನ್ನು ಬೂದಿಯಲ್ಲಿ ಉಜ್ಜಿ ಉಜ್ಜಿ ತೊಳೆದುಕೊಂಡು ಹೊರಗೆ ಹೋದಳು. ಅವಳ ಹಿಂದೆ ಉಳಿದ ಇಬ್ಬರೂ ಹೋದರು. ಸ್ವಲ್ಪ ಹೊತ್ತಿಗೆ ತಟ್ಟಿಯ ಸಂದಿಯಿಂದ ಪಿಸುಮಾತು ಒಳಗೆ ಬಂತು. ನಾಯಿ. ಹುಚ್ಚು. ಎರಡು ದಿನದಿಂದ ನೀರು ಬ್ಯಾಡ ಅಂತಿದ್ಲಂತ. ನಾಯಿಗಳ ಬಾಯಾಗ ಕೈ ಇಟ್ಟಾಕಿಗೆ ಇನ್ನೇನು ಬರ್ತೈತಿ.

ಗಂಗೋತ್ರಿ ಹಂಡೆ ಎಳೆದುಕೊಂಡು ಅತ್ತೆಯನ್ನು ಒಬ್ಬಳೇ ತೊಳೆದಳು. ಎದೆಗೂಡಿನ ಎಲುಬುಗಳ ನಡುವೆ ಸೇರಿಕೊಂಡಿದ್ದ ಕೆಂಪು ಗೆರೆಗಳು ಎಷ್ಟು ಉಜ್ಜಿದರೂ ಹೋಗಲಿಲ್ಲ. ಹನ್ನೆರಡು ವರ್ಷ ಅದಿರಿನ ಜರಡಿ ಹಿಡಿದ ಮೈ ಅದು. ಬಲಗೈಯ ಮಣಿಕಟ್ಟಿನ ಒಳಬದಿಗೆ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಎರಡು ಸಣ್ಣ ಕಲೆಗಳಿದ್ದವು, ಜೋಳದ ಕಾಳಿನಷ್ಟು. ದುರ್ಗಕ್ಕ ಹೆಬ್ಬೆರಳು ನೋಡಿ ಹೆದರಿ ಕೈ ಬಿಟ್ಟಿದ್ದರಿಂದ ಅವು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಗಂಗೋತ್ರಿ ತೊಳೆಯುವಾಗ ತಾನೇ ಬಿಚ್ಚಿಟ್ಟಿದ್ದ ಹಸಿರು ಬಳೆಗಳನ್ನು ಮತ್ತೆ ಆ ಕೈಗೇ ಏರಿಸಿ ಕಲೆಗಳ ಮೇಲೆ ಸರಿಸಿದಳು.

*

ಒಂದೂವರೆ ವರ್ಷದ ಹಿಂದೆ ಒಂದು ಭಾನುವಾರ ಬಿಳಿ ವ್ಯಾನೊಂದು ಸಾಲಿನ ಬಾಯಿಗೆ ಬಂದು ನಿಂತಿತ್ತು. ಲಾರಿಗಳ ಧೂಳಿಗೆ ಅದು ಆಗಲೇ ಅರ್ಧ ಕೆಂಪಾಗಿತ್ತು. ಇಳಿದವರು ಆರು ಹುಡುಗ ಹುಡುಗಿಯರು ಮತ್ತು ವಂದನಾ ಮೇಡಂ. ಹೊಸಪೇಟೆಯಲ್ಲಿ ದನದ ಡಾಕ್ಟರು. ಕಾಲೇಜಿನ ಕೊನೆಯ ವರ್ಷದ ಹುಡುಗರನ್ನು ತರಬೇತಿಗೆ ಇಟ್ಟುಕೊಂಡು ಡಾಕ್ಟರು ಕಾಲಿಡದ ಜಾಗಗಳಿಗೆ ಕರೆದುಕೊಂಡು ಹೋಗುವವರು. ನಾಯಿಗೆ, ಬೆಕ್ಕಿಗೆ, ಆಡಿಗೆ ಪುಕ್ಕಟೆ ಸೂಜಿ ಹಾಕುತ್ತೇವೆ, ಹುಣ್ಣಿಗೆ ಔಷಧ ಕೊಡುತ್ತೇವೆ ಎಂದರು.

ಯಾರೂ ಹೊರಗೆ ಬರಲಿಲ್ಲ. ಸಾಲಿನ ಮೇಸ್ತ್ರಿ ಉಚ್ಚೆಂಗಪ್ಪ ಮಾತ್ರ ಬಂದು ಬೀಡಿ ಹಚ್ಚಿ, ವ್ಯಾನಿನ ನಂಬರು ನೋಡಿ, ಒಂದು ಸುತ್ತು ಹಾಕಿದ.

"ನಮಗ ಜ್ವರ ಬಂದ್ರ ಒಂದು ಗುಳಿಗಿ ಕೊಡಾಕ ಇಲ್ಲಿಗೆ ಯಾರೂ ಬರಂಗಿಲ್ಲ. ನಾಯಿಗೆ ಡಾಕ್ಟ್ರು ಬಂದಾರಂದ್ರ ಏನೋ ಐತಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಏನಿದೆ ಎಂಬುದು ಎಲ್ಲರಿಗೂ ಹೊಳೆದಿತ್ತು. ಗುಡ್ಡ ಮುಗಿಯುತ್ತಾ ಬಂದಿತ್ತು. ಚೀನಾದಲ್ಲಿ ಏನೋ ದೊಡ್ಡ ಆಟ ಇದೆಯಂತೆ, ಅದಕ್ಕೆ ಕಬ್ಬಿಣ ಬೇಕಂತೆ, ಕಾಲಡಿಯ ಮಣ್ಣನ್ನೂ ಬಿಡುವುದಿಲ್ಲ ಎನ್ನುತ್ತಿದ್ದರು. ಗುಡಿಸಲುಗಳ ಕೆಳಗೂ ಅದಿರಿದೆ. ನಾಯಿ ಎಣಿಸುವ ನೆಪದಲ್ಲಿ ಮನೆ ಎಣಿಸಲು ಕಂಪನಿಯವರೇ ಇವರನ್ನು ಕಳಿಸಿರಬೇಕು.

ಒಬ್ಬ ಹುಡುಗ, ವೇದಾಂತ್, ಗುಡಿಸಲುಗಳ ಮುಂದೆ ನಿಂತು "ನಾಯಿ ಇದೆಯೇನ್ರಿ? ನಾಯಿ?" ಎಂದು ಬಾಗಿಲು ಬಾಗಿಲಿಗೆ ಕೇಳುತ್ತಿದ್ದ. ಎಲ್ಲರ ನಾಯಿಗಳೂ ಅವನ ಕಾಲ ಬಳಿಯೇ ಬೊಗಳುತ್ತಿದ್ದವು. ಎಲ್ಲರೂ ಇಲ್ಲ ಎನ್ನುತ್ತಿದ್ದರು.

ಹೊಳೆಮ್ಮ ಆಗ ಕಂಪನಿ ಮೆಸ್ಸಿನಲ್ಲಿ ಪಾತ್ರೆ ತಿಕ್ಕಿ, ಉಳಿದ ಅನ್ನದ ಬಕೆಟ್ಟು ಹಿಡಿದು ಬರುತ್ತಿದ್ದಳು. ಸಾಲಿನ ನಾಯಿಗಳು ಅವಳ ಹೆಜ್ಜೆ ಸಪ್ಪಳ ಬಲ್ಲವು. ಅವಳು ಬಕೆಟ್ಟು ಇಳಿಸಿ ವೇದಾಂತನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲೋ ತಮ್ಮಾ, ಕೋರ್ಟಿನ ಜವಾನನಂಗ ನಿಂತು ಕೂಗಿದ್ರ ನಾಯಿನೂ ನಂಬಂಗಿಲ್ಲ, ಮನುಷ್ಯಾನೂ ನಂಬಂಗಿಲ್ಲ. ಕುಂದ್ರು ಮೊದ್ಲು."

"ಎಲ್ಲಿ ಕೂಡ್ಲಿರಿ?"

"ನೆಲ ಕಾಣವಲ್ದೇನು? ಹಾಂ, ಹಂಗಲ್ಲ, ಮಗ್ಗಲಾಗಿ ಕುಂದ್ರು. ಮಾರಿಗೆ ಮಾರಿ ಕೊಡಬ್ಯಾಡ. ಈಗ ಹೆಸರು ಕೇಳು. ಸುಮ್ನ ನಾಯಿ ಅಂದ್ರ ನಾಯಿ ಎಲ್ಲೈತಿ ಇಲ್ಲಿ? ಇದು ಚಂದ್ರಿ. ಅದು ಮೋತಿ."

ವೇದಾಂತ್ ಬಿಳಿ ಕೋಟಿನಲ್ಲೇ ಕೆಂಪು ನೆಲದಲ್ಲಿ ಕುಳಿತ. ವಂದನಾ ಮೇಡಂ ದೂರದಿಂದ ನೋಡಿದವರು ಉಳಿದ ಐವರನ್ನೂ ಕೂಡಿಸಿದರು. "ಸೂಜಿ ಹಾಕೋದು ನಾನು ಕಲಿಸ್ತೀನಿ. ಬಾಗಿಲು ತೆಗೆಸೋದು ಇವ್ರ ಹತ್ರ ಕಲೀರಿ," ಎಂದರು.

ಅಂದಿನಿಂದ ತಿಂಗಳಿಗೊಂದು ಭಾನುವಾರ. ಹೊಳೆಮ್ಮ ನಾಯಿ ಹಿಡಿಯುವಳು, ಎಡತೋಳು ಕತ್ತಿನ ಕೆಳಗೆ, ಬಲಗೈ ಹೊಟ್ಟೆಯ ಕೆಳಗೆ, ಕಿವಿಯಲ್ಲಿ ಏನೋ ಗುನುಗುತ್ತ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಗಂಗೋತ್ರಿಗೆ ಕಾರ್ಡು ಬರೆಯುವ ಕೆಲಸ ಬಂತು. ಯಾರೊಂದಿಗೂ ಮಾತಾಡಬೇಕಾಗಿಲ್ಲದ ಕೆಲಸ. ಅತ್ತೆ ಹೇಳುತ್ತಿದ್ದಳು, ಅವಳು ತಲೆ ತಗ್ಗಿಸಿ ಬರೆಯುತ್ತಿದ್ದಳು. ಸೂಜಿ ಆದ ನಾಯಿಗೆ ಗುರುತಿಗೆಂದು ಹುಡುಗರು ಬ್ರಷ್ಷಿನಲ್ಲಿ ನೇರಳೆ ಔಷಧ ಹಚ್ಚಲು ಹೋದರೆ ನಾಯಿಗಳು ಬೆದರುತ್ತಿದ್ದವು. ಹೊಳೆಮ್ಮ ಬಾಟಲಿಗೆ ಹೆಬ್ಬೆರಳು ಅದ್ದಿ ಹಣೆಗೆ ಒತ್ತಿದಳು.

"ಸಂಬಳದ ಹಾಳಿಗೆ ಒತ್ತಿ ಒತ್ತಿ ರೂಢಿ ಆಗೈತಿ," ಎಂದು ನಕ್ಕಳು.

*

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಚಟ್ಟ ತಯಾರಾಗಿತ್ತು. ಕಟ್ಟಿದವನು ಟಿಪ್ಪರ್ ಡ್ರೈವರ್ ಹುಲಿಗೇಶ್. ಗಂಗೋತ್ರಿಯ ಅಪ್ಪ ಪಾಲಯ್ಯ ಅವನ ಪಕ್ಕದಲ್ಲಿ ಹಗ್ಗ ಹಿಡಿದು ಕುಳಿತಿದ್ದ. ಉಳಿದ ಗಂಡಸರು ಬೇವಿನ ಮರದ ಕೆಳಗೆ ಗುಂಪಾಗಿದ್ದರು. ಬಂದಿದ್ದರು, ಆದರೆ ಹತ್ತಿರ ಬಂದಿರಲಿಲ್ಲ.

ಉಚ್ಚೆಂಗಪ್ಪ ಮುಂದೆ ಬಂದ. "ಪಾಲಯ್ಯ, ಒಂದು ಮಾತು. ನಿಮ್ಮಕ್ಕ ನೀರು ಕುಡೀತಿದ್ಲೋ ಇಲ್ಲೋ?"

"ಉಸ್ರೇ ಆಡಂಗಿಲ್ಲ ಅಂತಿದ್ಲು. ನೀರೆಲ್ಲಿ ಇಳೀಬೇಕು?"

"ಹಂಗಂದ್ರ ಕುಡೀಲಿಲ್ಲ."

"ಕೆಮ್ಮು ಇತ್ತಲ್ಲೋ ಅಣ್ಣಾ. ನಿನಗ ಗೊತ್ತಿಲ್ಲೇನು? ವರ್ಷದಿಂದ ರಕ್ತ ಬೀಳ್ತಿತ್ತು."

"ಕೆಮ್ಮು ಎಲ್ರಿಗೂ ಐತಿ," ಎಂದ ಉಚ್ಚೆಂಗಪ್ಪ. "ನನಗೂ ಐತಿ. ನಿನಗೂ ಐತಿ. ಕೆಮ್ಮಿನಿಂದ ಯಾರು ಸಾಯ್ತಾರ?"

ಮರದ ಕೆಳಗೆ ಯಾರೋ ಹೌದು ಎಂದರು. ಹಾಗೆ ಎಂದವನೇ ಕೆಮ್ಮಿ ಉಗುಳಿ ಕಾಲಿನಿಂದ ಮಣ್ಣು ಎಳೆದು ಮುಚ್ಚಿದ.

ಗಂಗೋತ್ರಿ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಬೆಳಗಿನ ಜಾವ ಅತ್ತೆಯನ್ನು ಗೋಡೆಗೆ ಒರಗಿಸಿ ತಾನೇ ಚಹಾ ಕುಡಿಸಿದ್ದಳು. ಅತ್ತೆ ಗುಟುಕು ಗುಟುಕಾಗಿ ಲೋಟ ಖಾಲಿ ಮಾಡಿ, "ಬೆಲ್ಲ ಜಾಸ್ತಿ ಆತು" ಎಂದಿದ್ದಳು. ಹುಚ್ಚು ಹಿಡಿದವರು ನೀರು ಕಂಡರೆ ಬೆದರುತ್ತಾರೆ, ಗಂಟಲು ಬಿಗಿದು ಒಂದು ಗುಟುಕೂ ಇಳಿಯುವುದಿಲ್ಲ ಎಂದು ವಂದನಾ ಮೇಡಂ ಹುಡುಗರಿಗೆ ಹೇಳುತ್ತಿದ್ದುದನ್ನು ಕಾರ್ಡು ಬರೆಯುತ್ತ ಅವಳೂ ಕೇಳಿದ್ದಳು.

"ಚಾ ಕುಡಿದ್ಲು," ಎಂದಳು. "ಲೋಟ ತುಂಬಾ."

ದುರ್ಗಕ್ಕ ಮಾತ್ರ ಕೇಳಿಸಿಕೊಂಡಳು. "ನೀನಂತೂ ಹೇಳಾಕಿನ. ನಿಮ್ಮತ್ತಿ ಹೇಳಿದ್ದಕ್ಕ ಲೆಕ್ಕಣಿಕಿ ಹಿಡಿದು ಬರದಾಕಿ ನೀನ. ಎಲ್ರ ಮನಿ ಹೆಸರು ಬರಕೊಂಡು ಎಲ್ಲಿ ಕೊಟ್ಟೀರೋ. ನಿಮ್ಮತ್ತಿ ಆ ಹುಡುಗನ ಬೈಕ್ ಮ್ಯಾಲೆ ಐದು ಸಲ ಹೋಗಿ ಬಂದ್ಲು, ನಾವು ಕಣ್ಣು ಮುಚ್ಚಿಕೊಂಡಿದ್ದಿಲ್ಲ. ಕಂಪನಿ ಆಫೀಸಿಗಲ್ದ ಇನ್ನೆಲ್ಲಿಗೆ?"

ಅವಳ ಕಾಲಿಗೆ ಮೈ ಒತ್ತಿಕೊಂಡು ಮೋತಿ ನಿಂತಿತ್ತು. ದುರ್ಗಕ್ಕನ ನಾಯಿ, ಹಣೆಯ ಮೇಲೆ ಹೋದ ಭಾನುವಾರದ ನೇರಳೆ ಗುರುತು. ಗಂಡ ಅದಿರು ಲಾರಿ ಹತ್ತಿ ಬಂದರಿಗೆ ಹೋದರೆ ಎಂಟು ಹತ್ತು ದಿನ ಬರುವುದಿಲ್ಲ. ಆ ದಿನಗಳಲ್ಲಿ ಅವಳ ಬಾಗಿಲಿಗೆ ಅಡ್ಡ ಮಲಗುವುದು ಅದೊಂದೇ. ಗಂಗೋತ್ರಿ ನಾಯಿಯನ್ನು ನೋಡಿದಳು. ನೋಡಿದ್ದು ಯಾರಿಗಾದರೂ ಕಂಡೀತೆಂದು ತಕ್ಷಣ ಕಣ್ಣು ತಿರುಗಿಸಿಕೊಂಡಳು.

*

ಮೂರು ತಿಂಗಳ ಹಿಂದಿನ ಭಾನುವಾರ ದುರ್ಗಕ್ಕ ನೀರಿನ ಟ್ಯಾಂಕರಿಗೆ ಪಾಳಿ ಹಚ್ಚಿ ಹೋಗಿದ್ದಳು. ಮೋತಿಯನ್ನು ಹೊಳೆಮ್ಮನೇ ಕರೆದುಕೊಂಡು ಬಂದಳು. ಅವತ್ತು ಹಿಡಿಯುವ ಪಾಳಿ ವೇದಾಂತನದು, ಕಲಿಯಬೇಕಲ್ಲ. ಅವನು ಕತ್ತಿನ ಕೆಳಗೆ ತೋಳು ಸರಿಯಾಗಿಯೇ ಹಾಕಿದ್ದ. ಸೂಜಿ ಇಳಿಯುವ ಹೊತ್ತಿಗೆ ಗುಡ್ಡದಲ್ಲಿ ಮದ್ದು ಸಿಡಿಯಿತು. ನೆಲ ನಡುಗಿತು. ಹುಡುಗ ಬೆಚ್ಚಿ ಕೈ ಸಡಿಲಿಸಿದ. ಮೋತಿಯ ಬಾಯಿ ಅವನ ಮುಖದತ್ತ ಹಾರಿತು, ಹೊಳೆಮ್ಮ ನಡುವೆ ಕೈ ಇಟ್ಟಳು.

ಗುಡಿಸಲಿನ ಹಿಂದೆ ವಂದನಾ ಮೇಡಂ ಸೋಪು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆದರು. ನೀರು ಹಾಕುತ್ತಿದ್ದವಳು ಗಂಗೋತ್ರಿ. ವೇದಾಂತ್ ಗೋಡೆಗೆ ಒರಗಿ ನಿಂತಿದ್ದ.

"ರಿಜಿಸ್ಟರಿನಾಗೆ ಬರೀತೀನಿ, ಹೊಳೆಮ್ಮ. ಐದು ಸೂಜಿ ಆಗ್ಬೇಕು. ಒಂದೂ ತಪ್ಪಂಗಿಲ್ಲ," ಎಂದರು ಮೇಡಂ. "ನಾಯೀನ ಹತ್ತು ದಿನ ನೋಡೋಣ. ಹತ್ತು ದಿನ ಚೆನ್ನಾಗಿದ್ರೆ ಅದಕ್ಕೇನೂ ಇಲ್ಲ, ನಿಮಗೂ ಏನೂ ಇಲ್ಲ."

"ಬರಕೊಳ್ರಿ. ಆದ್ರ ಇಲ್ಲಿ ಯಾರಿಗೂ ಹೇಳಬ್ಯಾಡ್ರಿ. ಕಚ್ಚಿತು ಅಂದ್ರ ನಾಳೆ ಹೊತ್ತು ಮುಳುಗೋದ್ರಾಗ ಹೊಡದು ಹಾಕ್ತಾರ. ಹತ್ತು ದಿನ ಯಾರು ಕಾಯ್ತಾರ? ಒಂದನ್ನ ಹೊಡದ್ರ ಎಲ್ಲಾನೂ ಹೊಡೀತಾರ. ಆಮ್ಯಾಲ ನಿಮ್ಮ ವ್ಯಾನ್ ಬಂದು ಏನು ಮಾಡ್ತೈತಿ?"

ಆಮೇಲೆ ಗಂಗೋತ್ರಿಯ ಕಡೆ ತಿರುಗಿದಳು. "ನೀನು ಹೆಂಗೂ ಮಾತಾಡಂಗಿಲ್ಲ. ಇದೊಂದು ಮಾತು ಮಾತ್ರ ಸತ್ರೂ ಆಡಬ್ಯಾಡ. ಮೋತಿ ಹೆಸರು ಬಾಯಾಗ ಬರಬಾರ್ದು."

ವೇದಾಂತ್ ಐದೂ ಸಲ ಬೈಕಿನಲ್ಲಿ ಸಂಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ, ಸೂಜಿಯ ಚೀಟಿಯನ್ನು ತನ್ನ ಬಳಿಯೇ ಇಟ್ಟುಕೊಂಡ. ಒಂದೊಂದು ಸಲವೂ ಹೊಳೆಮ್ಮ ಸಾಲಿನ ತುದಿಯವರೆಗೆ ನಡೆದು ಹೋಗಿ, ತಲೆಯ ಮೇಲೆ ಸೆರಗು ಎಳೆದು ಬೈಕು ಹತ್ತಿದಳು. ಸಾಲಿನ ಪ್ರತಿ ತಟ್ಟಿಯ ಹಿಂದೆಯೂ ಒಂದು ಕಣ್ಣಿತ್ತು. ಮೋತಿಗೆ ಹತ್ತು ದಿನ ಆಯಿತು, ಇಪ್ಪತ್ತು ಆಯಿತು, ತೊಂಬತ್ತು ಆಯಿತು. ಅದು ಬಾಲ ಅಲ್ಲಾಡಿಸುತ್ತಲೇ ಇತ್ತು.

*

ಬೈಕಿನ ಸದ್ದು ಕೇಳಿ ಎಲ್ಲರೂ ತಿರುಗಿದರು. ವೇದಾಂತ್ ಇಳಿದ. ಕೈಯಲ್ಲಿ ಚೆಂಡುಹೂವಿನ ಹಾರ. ವಂದನಾ ಮೇಡಂ ಕಡ್ಡಿರಾಂಪುರದ ಕ್ಯಾಂಪಿನಲ್ಲಿದ್ದಾರೆ, ಸಂಜೆ ಬರುತ್ತಾರೆ ಎಂದು ಪಾಲಯ್ಯನಿಗೆ ಹೇಳಿ, ಹೊರಗೆ ತಂದು ಮಲಗಿಸಿದ್ದ ಹೊಳೆಮ್ಮನ ಕಾಲು ಮುಟ್ಟಿದ.

"ಆಚಾರ್ರ ಮನಿ ಹುಡುಗ ನಮ್ಮ ಹೆಣದ ಕಾಲು ಮುಟ್ತಾನಂದ್ರ ಸುಮ್ನೇನು?" ಎಂದಳು ದುರ್ಗಕ್ಕ ಹಿಂದಿನಿಂದ.

ಹುಡುಗ ಸುತ್ತ ನೋಡಿದ. ಚಟ್ಟದ ಸುತ್ತ ಇದ್ದ ಖಾಲಿ ಜಾಗ ಆಗ ಅವನ ಕಣ್ಣಿಗೆ ಬಿತ್ತು. "ಯಾಕ್ರಿ, ಏನಾತು?"

"ಹುಚ್ಚುನಾಯಿ ಕಚ್ಚಿ ಸತ್ತಾಕಿನ್ನ ಯಾರು ಹೊರ್ತಾರ?" ಎಂದ ಉಚ್ಚೆಂಗಪ್ಪ. "ಕಂಪನಿ ಟ್ರ್ಯಾಕ್ಟರ್ ಕೇಳೀನಿ. ಅದ್ರಾಗ ಹಾಕ್ರಿ."

ಪಾಲಯ್ಯ ಎದ್ದು ನಿಂತ. "ಹನ್ನೆರಡು ವರ್ಷ ಆ ಟ್ರ್ಯಾಕ್ಟರಿಗೆ ಮಣ್ಣು ತುಂಬಿದಾಕಿ ಅಣ್ಣಾ. ಮಣ್ಣು ಸುರಿದಂಗ ಸುರೀತೀರೇನು?"

"ಅವರಿಗೆ ಹುಚ್ಚಿಲ್ಲ ರೀ," ಎಂದ ವೇದಾಂತ್. ಅವನ ಕೈ ಅಂಗಿಯ ಜೇಬಿಗೆ ಹೋಯಿತು.

ಗಂಗೋತ್ರಿಗೆ ಆ ಜೇಬಿನಲ್ಲಿ ಏನಿದೆ ಎಂದು ಹೊಳೆಯಿತು. ಅವಳು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಬ್ಯಾಡ ಎಂದು ತಲೆಯಾಡಿಸಿದಳು. ಅವನು ಅವಳ ಕಡೆ ನೋಡಲಿಲ್ಲ. ಅವನು ಓದಿದ ಹುಡುಗ. ಕಾಗದ ತೋರಿಸಿದರೆ ಜನ ನಂಬುತ್ತಾರೆ ಎಂದುಕೊಂಡವನು.

"ನೋಡ್ರಿ. ಸಂಡೂರು ಆಸ್ಪತ್ರೆ ಚೀಟಿ. ಐದು ತಾರೀಖು, ಐದು ಸಹಿ. ಐದೂ ಸೂಜಿ ನಾನೇ ಕರ್ಕೊಂಡು ಹೋಗಿ ಮಾಡಿಸೀನಿ. ಐದೂ ಆದ್ಮೇಲೆ ಹುಚ್ಚು ಬರೋದಿಲ್ಲ ರೀ."

ಚೀಟಿ ಕೈಯಿಂದ ಕೈಗೆ ಹೋಯಿತು. ಓದಲು ಬಾರದವರೂ ಅದನ್ನು ತಿರುಗಿಸಿ ನೋಡಿದರು. ಉಚ್ಚೆಂಗಪ್ಪ ಕೊನೆಗೆ ಅದನ್ನು ಬೆರಳ ತುದಿಯಲ್ಲಿ ಹಿಡಿದು ವಾಪಸು ಚಾಚಿದ.

"ಅಂದ್ರ ಕಚ್ಚಿದ್ದು ಖರೆ."

"ಕಚ್ಚಿತ್ತು, ಆದ್ರೆ..."

"ಕಚ್ಚದ ಐದು ಸೂಜಿ ಯಾರು ಹಾಕ್ತಾರ? ಮೂರು ತಿಂಗಳಿಂದ ಮುಚ್ಚಿಟ್ಟೀರಿ. ಮುಚ್ಚಿಡೋದು ಯಾಕ, ಏನೂ ಇಲ್ಲಂದ್ರ?"

"ಆ ನಾಯಿ ಇವತ್ತಿಗೂ ಚೆನ್ನಾಗಿದೆ ರೀ. ನಾಯಿ ಬದುಕಿದ್ರೆ ರೋಗ ಇಲ್ಲ ಅಂತಾನೇ ಅರ್ಥ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನು ಗಂಗೋತ್ರಿಯನ್ನು ನೋಡಿದ.

"ಇವತ್ತಿಗೂ?" ಎಂದ ಉಚ್ಚೆಂಗಪ್ಪ. "ಹಂಗಂದ್ರ ಇಲ್ಲೇ ಐತಿ. ಯಾವುದು?"

ಗಂಡಸರ ಕಣ್ಣು ಅಂಗಳದ ತುಂಬ ಓಡಾಡಿತು. ಏಳೆಂಟು ನಾಯಿಗಳು ಅಲ್ಲಲ್ಲಿ ಮಲಗಿದ್ದವು. ಎಲ್ಲದರ ಹಣೆಯಲ್ಲೂ ಅದೇ ಹೆಬ್ಬೆರಳಿನ ಗುರುತು. ಹುಲಿಗೇಶ್ ಸದ್ದಿಲ್ಲದೆ ತನ್ನ ಚಂದ್ರಿಯನ್ನು ಕಾಲಿನಿಂದ ಸರಿಸಿ ಗುಡಿಸಲಿನೊಳಗೆ ನೂಕಿ ತಟ್ಟಿ ಎಳೆದ. ಚಟ್ಟಕ್ಕೆ ಕಡಿದು ಉಳಿದಿದ್ದ ಬಿದಿರಿನ ತುಂಡೊಂದನ್ನು ಯಾರೋ ಎತ್ತಿಕೊಂಡರು.

"ಹೇಳ್ರಿ, ಯಾವ ಮನಿ ನಾಯಿ," ಎಂದಳು ದುರ್ಗಕ್ಕ. "ಇವತ್ತೇ ಮುಗಿಸಿಬಿಡ್ಲಿ. ರಾತ್ರಿ ಒಬ್ಬಾಕಿ ಮಲಗಾಕಿ ನಾನು." ಹಾಗೆನ್ನುತ್ತ ಕೈ ಇಳಿಸಿ, ನೋಡದೆಯೇ, ಮೋತಿಯ ಕಿವಿ ಸವರಿದಳು.

ವೇದಾಂತ್ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದ. ಉಚ್ಚೆಂಗಪ್ಪ ಗಂಗೋತ್ರಿಯ ಕಡೆ ತಿರುಗಿದ.

"ನಿನಗ ಗೊತ್ತೈತಿ. ಎಲ್ಲಾ ಬರಕೊಂಡಾಕಿ ನೀನು. ನಾಯಿ ತೋರ್ಸು. ಅದು ಚಂದ ಐತಿ ಅಂದ್ರ ನಾವೂ ನೋಡ್ತೀವಿ, ನಾವೇ ಹೆಗಲು ಕೊಡ್ತೀವಿ."

ಅವನ ಕಣ್ಣು ಅವಳ ಮೇಲಿತ್ತು. ಬಿದಿರಿನ ತುಂಡು ಅವನ ಹಿಂದಿನವನ ಕೈಯಲ್ಲಿತ್ತು. ಗಂಗೋತ್ರಿ ಎರಡನ್ನೂ ನೋಡಿದಳು. ಒಂದು ಹೆಸರು, ಎರಡೇ ಅಕ್ಷರ. ಹೇಳಿದರೆ ಅತ್ತೆ ಮನುಷ್ಯರ ಹೆಗಲ ಮೇಲೆ ಹೋಗಬಹುದು. ಇಲ್ಲವೆ ಆ ನಾಯಿಯೂ ಸತ್ತು, ಅತ್ತೆಯೂ ಟ್ರ್ಯಾಕ್ಟರಿನಲ್ಲೇ ಹೋಗಬಹುದು.

"ನನಗ ಗೊತ್ತಿಲ್ಲ," ಎಂದಳು.

"ನೋಡ್ರಿ, ನೋಡ್ರಿ," ಎಂದಳು ದುರ್ಗಕ್ಕ. "ಅತ್ತಿಗೆ ತಕ್ಕ ಸೊಸಿ."

ಮರದ ಕೆಳಗಿನವರು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ಪಾಲಯ್ಯ ಅಕ್ಕನನ್ನು ತಾನೇ ಎತ್ತಿ ಚಟ್ಟದ ಮೇಲೆ ಮಲಗಿಸಿದ. ವೇದಾಂತ್ ಹಾರ ಹಾಕಿದ. ಹುಲಿಗೇಶ್ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದವನು ಟವಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ.

"ಹೋಗಬ್ಯಾಡಲೇ ಹುಲಿಗಾ," ಎಂದ ಉಚ್ಚೆಂಗಪ್ಪ. "ಹೆಂಡ್ತಿ ಮಕ್ಕಳು ಅದಾರ."

"ನಮ್ಮ ಚಂದ್ರಿ ಹೊಟ್ಟ್ಯಾಗ ಮರಿ ಸಿಕ್ಕೊಂಡು ಸಾಯೋ ಹಂಗಾದಾಗ ಈಕಿ ಇಡೀ ದಿನ ಅದರ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ಲಣ್ಣಾ. ನಾನು ಲಾರಿ ಮ್ಯಾಲಿದ್ದೆ. ಹಿಡಿದ್ರ ಹಿಡೀಲಿ ಬಿಡು ಹುಚ್ಚು."

ಮುಂದೆ ಪಾಲಯ್ಯ. ಅವನ ಪಕ್ಕದಲ್ಲಿ ಹುಲಿಗೇಶ್. ಹಿಂದೆ ಎಡಕ್ಕೆ ವೇದಾಂತ್, ಅಂಗಿಯ ತೋಳು ಮಡಚಿಕೊಂಡು. ಮೂವರೂ ಬಗ್ಗಿ ಎತ್ತಿದರು. ಮೂರು ತುದಿ ಎದ್ದವು, ನಾಲ್ಕನೆಯದು ನೆಲದಲ್ಲೇ ಉಳಿಯಿತು. ಚಟ್ಟ ಓರೆಯಾಯಿತು. ಹಾರದ ಕೆಳಗಿಂದ ಹೊಳೆಮ್ಮನ ಬಲಗೈ ಜಾರಿ ಆಚೆ ಇಳಿಬಿತ್ತು, ಹಸಿರು ಬಳೆಗಳೊಂದಿಗೆ, ನೇರಳೆ ಹೆಬ್ಬೆರಳು ಕೆಳಗಾಗಿ.

ಮೋತಿ ದುರ್ಗಕ್ಕನ ಕಾಲ ಬಳಿಯಿಂದ ಎದ್ದಿತು. ಅಂಗಳ ದಾಟಿ ಬಂದು ಆ ಬೆರಳನ್ನು ಮೂಸಿತು. ಮೂಸಿ, ಮೇಲೇಳದ ಆ ನಾಲ್ಕನೆಯ ತುದಿಯ ಪಕ್ಕದಲ್ಲಿ ಮಗ್ಗಲಾಗಿ ಕುಳಿತಿತು.

ಗಂಗೋತ್ರಿ ಹೋಗಿ ನಾಯಿಗೂ ಜನಕ್ಕೂ ನಡುವೆ ನಿಂತಳು. ಅತ್ತೆಯ ಕೈಯನ್ನು ಎತ್ತಿ ಎದೆಯ ಮೇಲಿಟ್ಟು, ಬಳೆಗಳನ್ನು ಮತ್ತೆ ಸರಿಮಾಡಿದಳು. ಹೆಣ್ಣುಮಕ್ಕಳು ಚಟ್ಟಕ್ಕೆ ಹೆಗಲು ಕೊಡುವ ರೂಢಿ ಅವರಲ್ಲಿ ಇರಲಿಲ್ಲ. ನಾಲ್ಕು ಜನರ ಎದುರು ಮಾತಾಡಿದ ರೂಢಿ ಅವಳಿಗೂ ಇರಲಿಲ್ಲ. ಅವಳು ಬೇವಿನ ಮರದ ಕಡೆ ತಿರುಗಿದಳು.

"ಇನ್ನೊಂದು ಹೆಗಲು ಬೇಕ್ರಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಯಾರಾದ್ರೂ ಒಬ್ರು ಬರ್ರಿ."

ಮರದ ಕೆಳಗೆ ಯಾರೋ ಕೆಮ್ಮಿದರು. ಆಮೇಲೆ ಇನ್ನೊಬ್ಬರು.